ಎಡರೆಕ್ಕೆಯ ಬದಿಗೆ ಕಂಡದ್ದು

ಮಾರ್ಚ್ ೧೧

ಅಮ್ಮಾ,

ಇದನ್ನು ಅಪ್ಪನಿಗೆ ನಿಧಾನವಾಗಿ ಓದು. ಹೋದ ಸಲದಂತೆ ಗಡಗಡ ಓದಿ ಮುಗಿಸಬೇಡ, ವಿಮಾನ ತಿರುಗಲು ಹೊತ್ತು ಬೇಕು. ಮೊದಲು ಅವನನ್ನು ಕೈಯಿರುವ ಕುರ್ಚಿಯಲ್ಲಿ ಕೂರಿಸು. ಪಾದದ ಕೆಳಗೆ ಆ ಎರಡು ಮರದ ತುಂಡು ಇಡು. ಕೈಗೆ ಹಳೆಯ ಛತ್ರಿ ಕೊಡು. ನಿನ್ನ ರೇಡಿಯೊ ಆರಿಸು.

ಅಪ್ಪಾ, ಕೂತೆಯಾ? ಫೋನು ಮಾಡೋಣವೆಂದರೆ ಅದು ಇರುವುದು ಮ್ಯಾನೇಜರರ ಮೇಜಿನ ಮೇಲೆ, ನಾನು ಬಾಯಿ ತೆರೆದರೆ ಇಡೀ ಆಫೀಸಿನ ಕಿವಿ ನೆಟ್ಟಗಾಗುತ್ತದೆ. ನೀನಂತೂ ಫೋನಿನ ಕರಕರಕ್ಕೆ ರೇಗಿ 'ಹಲೋ' ಬಿಟ್ಟು ಬೇರೇನೂ ಹೇಳುವುದಿಲ್ಲ. ಅದಕ್ಕೇ ಕಾಗದ.

ಸೋಮವಾರ ಬೆಳಿಗ್ಗೆ ಸರೋವರದ ಆಚೆ ದಡದಿಂದ ಒಬ್ಬ ಗಾರೆ ಕೆಲಸದವನನ್ನು ದೊಡ್ಡಾಸ್ಪತ್ರೆಗೆ ತರಬೇಕಿತ್ತು. ಮಾಳಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಹಿಂದಿನ ಸೀಟು ತೆಗೆದು ಅವನನ್ನು ಮಲಗಿಸಿದ್ದೆವು, ಪಕ್ಕದಲ್ಲಿ ನಮ್ಮ ನರ್ಸಕ್ಕ. ಗಾಳಿ ಇಲ್ಲ. ಮೇಲೆ ಹಾಲಿನಂಥ ತೆಳು ಮೋಡ, ಕೆಳಗೆ ಅದೇ ಬಣ್ಣದ ನೀರು. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆಂದು ತಿಳಿಯದಂಥ ದಿನ. ನಿನಗೆ ಇಷ್ಟವಿಲ್ಲದ ದಿನ. ನಾಲ್ಕು ಸಾವಿರ ಅಡಿಯಲ್ಲಿ ನೆಟ್ಟಗೆ ಹೋಗುತ್ತಿದ್ದೆ. ಛತ್ರಿ ಹಗುರವಾಗಿ ಹಿಡಿದುಕೋ.

ಸರೋವರದ ನಡುಮಧ್ಯೆ ಎಡಗಡೆ ಏನೋ ಇದೆ ಅನ್ನಿಸಿತು. ರೆಕ್ಕೆಯ ತುದಿಗಿಂತ ತುಸು ಮುಂದೆ, ನಮ್ಮಷ್ಟೇ ಎತ್ತರದಲ್ಲಿ. ತಟ್ಟೆಯಂತೆ ಅಂದರೆ ಎಲ್ಲರೂ ನಗುತ್ತಾರೆ, ಆದರೂ ತಟ್ಟೆಯಂತೆಯೇ ದುಂಡಗಿತ್ತು. ನಡುವೆ ಬೂದು ಬಣ್ಣ, ಅಂಚಿನಲ್ಲಿ ಬೆಳ್ಳಿಯ ಮಿಣಮಿಣ. ಹಕ್ಕಿಯಲ್ಲ, ಬಲೂನಲ್ಲ. ನಾನು ಮೆಲ್ಲಗೆ ಬಲಕ್ಕೆ ತಿರುಗಿದೆ. ಅದೂ ಬಂತು. ನೂರಡಿ ಇಳಿದೆ. ಅದೂ ಇಳಿಯಿತು. ನೇರವಾಗಿ ನೋಡೋಣವೆಂದು ಹೋದರೆ ಇನ್ನಷ್ಟು ಎಡಕ್ಕೆ ಸರಕ್ಕನೆ ಜಾರಿಕೊಳ್ಳುತ್ತಿತ್ತು. ಬೇಕೆಂದೇ ಆಟ ಆಡಿಸುತ್ತಿದೆ ಅನ್ನಿಸಿ ನನಗೆ ಸಿಟ್ಟೂ ಬಂತು.

ಆಮೇಲೆ ಅದು ರೆಕ್ಕೆಯ ತುದಿಯನ್ನು ನುಂಗಿತು ಅಪ್ಪಾ. ತುದಿಯ ಕೆಂಪು ದೀಪ ಇದ್ದ ಜಾಗದಲ್ಲಿ ದೀಪವಿಲ್ಲ, ರೆಕ್ಕೆಯಿಲ್ಲ, ಆ ಬೂದು ಮಾತ್ರ. ಅಂದರೆ ಅದು ನನಗೂ ರೆಕ್ಕೆಯ ತುದಿಗೂ ನಡುವೆ ಬಂದಿತ್ತು. ವಿಮಾನವನ್ನು ಬಲಕ್ಕೆ ಬಗ್ಗಿಸಿ ಅದರ ಮೂಗು ಕೆಳಗೆ ಹಾಕಿಬಿಟ್ಟೆ. ನರ್ಸಕ್ಕ ಬಾಗಿಲಿಗೆ ಬಡಿದಳು, ಡ್ರಿಪ್ಪಿನ ಕಂಬಿ ಕಳಚಿ ಬಿತ್ತು, ಗಾರೆಯವನು ಕೂಗಿಕೊಂಡ ಕೂಗು ಇನ್ನೂ ಕಿವಿಯಲ್ಲಿದೆ. ರೇಡಿಯೊದಲ್ಲಿ ಹೇಳಿದೆ: "ಏನೋ ಒಂದು ವಸ್ತು, ಏನಂತ ಗೊತ್ತಾಗ್ತಿಲ್ಲ, ತುಂಬಾ ಹತ್ತಿರ." ದಡ ದಾಟಿ ಹೊಲಗಳ ಮೇಲೆ ಬಂದಾಗ ಅದು ಇರಲಿಲ್ಲ.

ಇಂಥದ್ದು ಕಂಡರೆ ಬಾಯಿಗೆ ಬೀಗ ಹಾಕಿಕೊಳ್ಳಬೇಕು ಅನ್ನುವುದು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ನೀನು ಕಲಿಸಿದ್ದು ಬೇರೆ. ಕಂಡದ್ದನ್ನು ಕಂಡಹಾಗೆ ಹೇಳು, ಒಂದು ತೂಕ ಹೆಚ್ಚಿಲ್ಲ, ಕಮ್ಮಿಯಿಲ್ಲ. ಹೇಳಿದೆ. ವಿಚಾರಣೆ ಮುಗಿಯುವ ತನಕ ಹಾರಬಾರದೆಂದು ನನ್ನ ಲೈಸೆನ್ಸು ಎತ್ತಿಟ್ಟುಕೊಂಡಿದ್ದಾರೆ.

ಇಲ್ಲಿ ಯಾರೂ ನಂಬುವುದಿಲ್ಲ. ನೀನು ನಂಬುತ್ತೀಯಲ್ಲ?

ನಿಮ್ಮ
ಗುಬ್ಬಿ

•

ಮಾರ್ಚ್ ೨೩

ಗುಬ್ಬಿ,

ನಿಧಾನವಾಗಿಯೇ ಓದಿದೆ ಮಾರಾಯ್ತಿ. ಕುರ್ಚಿ, ಮರದ ತುಂಡು, ಛತ್ರಿ, ಎಲ್ಲ ಆಯಿತು. ನಿನ್ನ ಕಾಗದ ಬಂದ ದಿನ ಈ ಮನುಷ್ಯ ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿಕೊಂಡೇ ಕೂರುವುದು, ನಿನಗೆ ಗೊತ್ತಲ್ಲ. ಕಣ್ಣು ಹೋಗಿ ಇಷ್ಟು ವರ್ಷವಾದರೂ ಆ ಹೊತ್ತಿಗೆ ಮಾತ್ರ ಬೆನ್ನು ಕೋಲಿನ ಹಾಗೆ ನೆಟ್ಟಗಾಗುತ್ತದೆ.

ಸರೋವರದವರೆಗೆ ಚೆನ್ನಾಗಿ ಹಾರಿಸಿದರು. "ಇವಳು ಇಷ್ಟು ಎತ್ತರ ಯಾಕೆ ಹೋದ್ಲು, ಮೂರು ಸಾವಿರ ಸಾಕಿತ್ತು" ಅಂತ ಗೊಣಗಿದರು. ನೀನು ಬಲಕ್ಕೆ ತಿರುಗಿದಾಗ ಅವರೂ ಬಲಗಾಲು ಒತ್ತಿದರು. ಅದು ಎಡಕ್ಕೆ ಜಾರಿಕೊಳ್ಳುತ್ತಿತ್ತು ಅಂತ ಬರೆದಿದ್ದೀಯಲ್ಲ, ಅಲ್ಲಿಗೆ ಬಂದಾಗ ಕಾಲು ನಿಂತಿತು. "ಇನ್ನೊಂದ್ಸಲ ಓದು" ಅಂದರು. ಓದಿದೆ. ರೆಕ್ಕೆಯ ತುದಿ ನುಂಗಿದ್ದನ್ನೂ ಮತ್ತೆ ಓದಿಸಿದರು. ಆಮೇಲೆ ಛತ್ರಿಯನ್ನು ತೊಡೆಯ ಮೇಲೆ ಅಡ್ಡಡ್ಡ ಇಟ್ಟುಕೊಂಡುಬಿಟ್ಟರು. ನೀನು ಇಳಿಯುವ ತನಕ ಓದಲೇ ಇಲ್ಲ ನಾನು. ಗಾಳಿಯಲ್ಲೇ ಬಿಟ್ಟು ಎದ್ದೆವು.

ನಂಬುತ್ತಾರೆ ಅಂತ ಬರೆಯುತ್ತಿದ್ದೇನೆ. ನನ್ನ ಮಗಳು ಸುಳ್ಳು ಹೇಳುವವಳಲ್ಲ ಅಂದರು. ಇದು ಅವರದೇ ಮಾತು, ನಾನು ಸೇರಿಸಿದ್ದಲ್ಲ. ಆಮೇಲೆ ಇನ್ನೊಂದು ಹೇಳಿದರು. ಅದನ್ನು ನಿನ್ನ ಕೇಳಬೇಕಂತೆ. ಅದು ಕಾಗದಕ್ಕೆ ಹಾಕುವ ಮಾತಲ್ಲ ಅಂತ ನಾನು ಬರೆಯಲಿಲ್ಲ. "ಕೈ ನಿಂದು, ಮಾತು ನಂದು, ಬರಿ" ಅಂತ ರೇಗಿದರು. ಕೈ ನನ್ನದೇ ಆದಮೇಲೆ ಅದು ಎಲ್ಲಿ ನಿಲ್ಲಬೇಕೆಂದು ನಾನೇ ತೀರ್ಮಾನಿಸುತ್ತೇನೆ ಅಂದೆ. ಅದಾದ ಮೇಲೆ ನಮ್ಮಿಬ್ಬರಿಗೂ ಮಾತಿಲ್ಲ.

ಆ ಗಾರೆಯವನು ಹೇಗಿದ್ದಾನೆ? ಹೊತ್ತಿಗೆ ಸರಿಯಾಗಿ ಉಣ್ಣು. ಹಾರದ ದಿನಗಳಲ್ಲಿ ನೀನು ಊಟ ಬಿಡುತ್ತೀಯ.

ನಿನ್ನ
ಅಮ್ಮ

•

ಏಪ್ರಿಲ್ ೬

ಅಮ್ಮಾ, ಅಪ್ಪಾ,

ಗಾರೆಯವನು ಚೆನ್ನಾಗಿದ್ದಾನೆ, ಊರುಗೋಲಿನಲ್ಲಿ ನಡೆಯುತ್ತಾನೆ. ನನ್ನನ್ನು ಕಂಡು ಕೈಮುಗಿದ. ಮೆಚ್ಚಿ ಮುಗಿದನೋ, ಇನ್ನೊಂದು ಸಲ ನಿನ್ನ ಸಹವಾಸ ಬೇಡ ತಾಯಿ ಅಂತ ಮುಗಿದನೋ ತಿಳಿಯಲಿಲ್ಲ.

ನನ್ನನ್ನು ಫೋನು ಎತ್ತುವ ಕೆಲಸಕ್ಕೆ ಕೂರಿಸಿದ್ದಾರೆ. ಕಿಟಕಿಯಿಂದ ನೋಡಿದರೆ ನನ್ನ ವಿಮಾನ ಹೊದಿಕೆ ಹೊದ್ದು ನಿಂತಿರುತ್ತದೆ. ಹ್ಯಾಂಗರಿನ ಮೊಳೆಗೆ ಯಾರೋ ಒಂದು ತಗಡಿನ ತಟ್ಟೆ ನೇತುಹಾಕಿ ಅದಕ್ಕೆ ಎರಡು ಕಣ್ಣು ಬರೆದಿದ್ದಾರೆ. ಮೆಕ್ಯಾನಿಕ್ ದಿನಾ ಕೇಳುತ್ತಾನೆ, "ಏನಕ್ಕಾ, ನಿಮ್ಮ ನೆಂಟ್ರು ಮತ್ತೆ ಯಾವಾಗ ಬರ್ತಾರಂತೆ?" ಮೊದಲು ನಗುತ್ತಿದ್ದೆ. ಈಗ ನಗಲು ಆಗುತ್ತಿಲ್ಲ. ನರ್ಸಕ್ಕ ಮಾತ್ರ ನಗುವುದಿಲ್ಲ. "ನಾನು ಡ್ರಿಪ್ ನೋಡ್ತಿದ್ದೆ ಕಣೇ, ಹೊರಗೆ ನೋಡ್ಲಿಲ್ಲ. ನೀನು ನೋಡ್ದೆ ಅಂದ್ರೆ ನೋಡಿರ್ತೀಯ" ಅನ್ನುತ್ತಾಳೆ.

ವಿಚಾರಣೆ ಒಂದು ದಿನ ನಡೆಯಿತು. ಉದ್ದ ಮೇಜಿನ ಆಚೆ ಮೂವರು. ನಡುವಿನವರು ಪೆಪ್ಪರ್‌ಮಿಂಟ್ ಚೀಪುತ್ತ ಬಹಳ ಮೃದುವಾಗಿ ಮಾತಾಡಿದರು. "ನೀರಿನ ಮೇಲೆ ಬಿಸಿಲಿನ ಪ್ರತಿಫಲನ ಅಂತ ಬರ್ಕೊಡಿ, ಇವತ್ತೇ ಮುಗೀತು." ಆವತ್ತು ಬಿಸಿಲೇ ಇರಲಿಲ್ಲ ಸಾರ್, ಮೋಡ ಇತ್ತು ಅಂದೆ. "ಹಾಗಾದ್ರೆ ದಣಿವು ಅನ್ನಿ." ದಣಿದಿರಲಿಲ್ಲ ಅಂದೆ. ಅಪ್ಪ ನಂಬಿದ ಮೇಲೆ ಇವರ ಪೆಪ್ಪರ್‌ಮಿಂಟಿಗೆ ನಾನು ಯಾಕೆ ಬಗ್ಗಲಿ? ನಿನ್ನ ಆ ಒಂದು ಮಾತನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದೆ ಅಪ್ಪಾ.

ತಲೆ ನೆಟ್ಟಗಿದೆಯೋ ಎಂದು ನೋಡಲು ಒಬ್ಬ ಡಾಕ್ಟರು. ಚಿಕ್ಕಂದಿನಲ್ಲಿ ಒಂಟಿತನ ಕಾಡುತ್ತಿತ್ತೇ ಎಂದು ಕೇಳಿದರು. ನಮ್ಮಪ್ಪ ಅಮ್ಮ ಜಗಳವಾಡುವ ಸದ್ದಿನಲ್ಲಿ ಒಂಟಿತನಕ್ಕೆ ಜಾಗವೇ ಇರಲಿಲ್ಲ ಅಂದೆ, ಬರೆದುಕೊಂಡರು. ಕಣ್ಣಿಗೆ ಇನ್ನೊಬ್ಬರು. ಗೋಡೆಯ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿಬಿಟ್ಟೆ, "ಹದ್ದಿನ ಕಣ್ಣು" ಅಂದರು. ಮನೆಯಲ್ಲಿ ಯಾರಿಗಾದರೂ ಕಣ್ಣಿನ ತೊಂದರೆ ಇದೆಯೇ ಎಂದೂ ಕೇಳಿದರು. ವಯಸ್ಸಾದವರಿಗೆ ಇರುವಷ್ಟು ಅಂದೆ.

ಅಪ್ಪಾ, ನೀನು ಏನೋ ಕೇಳಬೇಕೆಂದಿದ್ದೆಯಂತೆ. ಅಮ್ಮ ಬರೆಯಲಿಲ್ಲ. ಇರಲಿ ಬಿಡು. ಅಮ್ಮನ ಜೊತೆ ಮಾತು ಬಿಡಬೇಡ, ನಿನ್ನ ಕಾಫಿಗೆ ಅವಳೇ ಗತಿ.

ನಿಮ್ಮ
ಗುಬ್ಬಿ

•

ಏಪ್ರಿಲ್ ೨೨

ಗುಬ್ಬಿ,

ಮಾತು ಶುರುವಾಗಿದೆ, ಆದರೆ ಬರೀ ಉಪ್ಪು ಕೊಡು, ಬಾಗಿಲು ಹಾಕು ಇಂಥದ್ದು. ನಿನ್ನ ಕಾಗದ ಕೇಳಿ ಅವರು ಹೇಳಿದ್ದು ಒಂದೇ: "ವಯಸ್ಸಾದೋರಿಗೆ ಇರುವಷ್ಟು ಅಂದ್ಲಾ?" ಅದನ್ನೇ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಾರೆ. ಯಾಕೆ ಹಾಗೆ ಹೇಳಿದೆ? ಬೇಡ, ಉತ್ತರ ಬರೆಯಬೇಡ.

ಊಟ ಸರಿಯಾಗಿ ಸೇರುತ್ತಿಲ್ಲ ಅವರಿಗೆ. ಮುಂಚೆ ಕಿಟಕಿಯ ಹತ್ತಿರ ಕೂತು ಮೇಲೆ ಹೋಗುವ ವಿಮಾನದ ಸದ್ದು ಕೇಳಿ ಯಾವುದು, ಎಷ್ಟು ಎಂಜಿನ್ನು ಅಂತ ಹೇಳುತ್ತಿದ್ದರು. ಈಗ ವಿಮಾನ ಹೋದರೆ ಒಳಗೆ ಎದ್ದು ಬರುತ್ತಾರೆ.

ನೆನ್ನೆ ಕಪಾಟು ಒರೆಸುವಾಗ ಹಳೆಯದೊಂದು ನೆನಪಾಯಿತು. ನೀನಾಗ ಎರಡು ಜಡೆಯ ಹುಡುಗಿ. ನಿಮ್ಮಪ್ಪ ಇನ್ನೂ ಟಪಾಲು ವಿಮಾನ ಹಾರಿಸುತ್ತಿದ್ದ ಕಾಲ. ಊಟಕ್ಕೆ ಕೂತಾಗಲೆಲ್ಲ "ಗೋಡೆ ಮೇಲೆ ಏನೋ ಕೂತಿದೆ ನೋಡೇ, ಜೇಡನೋ ಹಲ್ಲಿಯೋ, ಪೊರಕೆ ತಗೊಂಡ್ಬಾ" ಅನ್ನುತ್ತಿದ್ದರು. ನಾನು ಪೊರಕೆ ಹಿಡಿದು ಬಂದರೆ ಗೋಡೆ ಬೋಳು. "ಅಯ್ಯೋ, ಈಗ ಎಡಗಡೆ ಹೋಯ್ತು" ಅನ್ನುತ್ತಿದ್ದರು. ನಾನು ಎಡಗಡೆ ಹೋಗಿ ಬಡಿಯುತ್ತಿದ್ದೆ. ನೀನು ಚಪ್ಪಾಳೆ ತಟ್ಟಿ ನಗುತ್ತಿದ್ದೆ. ಎಷ್ಟು ತಿಂಗಳು ಆ ಗೋಡೆಗೆ ಬಡಿದೆನೋ, ಸುಣ್ಣ ಕಿತ್ತುಬಂದಿತ್ತು. ಆಮೇಲೆ ನಗಲಿಲ್ಲ ಯಾರೂ.

ಯಾಕೆ ಬರೆದೆನೋ ಇದನ್ನು. ಹೊಡೆದುಹಾಕೋಣವೆಂದರೆ ಹಾಳೆ ಪೂರ್ತಿ ಕೊಳಕಾಗುತ್ತದೆ. ಓದಿ ಮರೆತುಬಿಡು.

ನಿನ್ನ
ಅಮ್ಮ

•

ಜೂನ್ ೯

ಅಮ್ಮಾ, ಅಪ್ಪಾ,

ಇಷ್ಟು ದಿನ ಬರೆಯಲಿಲ್ಲ ಅಂತ ಬೈಯಬೇಡಿ. ಒಳ್ಳೆಯ ಸುದ್ದಿ ಇಟ್ಟುಕೊಂಡೇ ಬರೆಯೋಣವೆಂದಿದ್ದೆ. ಲೈಸೆನ್ಸು ವಾಪಸ್ಸು ಬಂತು!

ಬಂದದ್ದು ಹೇಗೆ ಗೊತ್ತೇ? ನಮ್ಮಲ್ಲಿ ಹೊಲಗಳಿಗೆ ಔಷಧಿ ಸಿಂಪಡಿಸುವ ಹಳದಿ ವಿಮಾನದ ಮುದುಕರಿದ್ದಾರಲ್ಲ, ಮದ್ದಿನಜ್ಜ, ಅವರು ತಾವಾಗಿಯೇ ವಿಚಾರಣೆಯವರ ಮುಂದೆ ಹೋಗಿ ನಿಂತರು. ಆ ವಾರ ತಾನೂ ಸರೋವರದ ಮೇಲೆ ದುಂಡಗಿನ ಏನೋ ಒಂದನ್ನು ಕಂಡೆ, ಮರ್ಯಾದೆಗೆ ಅಂಜಿ ಸುಮ್ಮನಿದ್ದೆ ಅಂದರು. ಮೂವತ್ತು ವರ್ಷ ಒಂದು ತಪ್ಪಿಲ್ಲದೆ ಹಾರಿದ ಮನುಷ್ಯ. ಅವರ ಮಾತನ್ನು ತೆಗೆದುಹಾಕುವವರು ಯಾರು? ಪೆಪ್ಪರ್‌ಮಿಂಟಿನವರು 'ಗುರುತು ಸಿಗದ ವಸ್ತು' ಅಂತ ಷರಾ ಬರೆದು ಕೈತೊಳೆದುಕೊಂಡರು. ಮೆಕ್ಯಾನಿಕ್ ತಟ್ಟೆಯನ್ನು ತೆಗೆದು ಅದರಲ್ಲೇ ಬಿಸ್ಕತ್ತು ಹಂಚಿದ.

ಸಂಜೆ ಮದ್ದಿನಜ್ಜನಿಗೆ ಕೈಮುಗಿಯಲು ಹೋದೆ. ಎಲ್ಲಿ ಕಂಡಿರಿ, ಎಷ್ಟು ದೊಡ್ಡದಿತ್ತು ಅಂತ ಆಸೆಯಿಂದ ಕೇಳಿದೆ. ಅವರು ಆಚೀಚೆ ನೋಡಿ, "ನಾನೆಲ್ಲಿ ನೋಡ್ದೆ ಹುಚ್ಚಿ? ನೀನು ಫೋನ್ ಎತ್ಕೊಂಡು ಕೂತಿರೋದನ್ನ ನೋಡೋಕಾಗ್ಲಿಲ್ಲ" ಅಂದರು. ನಕ್ಕೆ. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಯಾಕೋ ಅಳು ಬಂತು. ಒಬ್ಬರಾದರೂ ಕಂಡಿದ್ದರೆ ಚೆನ್ನಾಗಿತ್ತು.

ಅಪ್ಪಾ, ಛತ್ರಿ ತಗೋ. ಮೊದಲ ಹಾರಾಟ ಬರೆಯುತ್ತೇನೆ. ಬೆಳಗಿನ ತಂಪು, ಎದುರಿನಿಂದ ಸಣ್ಣ ಗಾಳಿ, ಓಟ ಶುರುವಾದ ಕೂಡಲೇ ಬಾಲ ಹಗುರವಾಯಿತು. ಎರಡು ಸಾವಿರದಲ್ಲೇ ಇದ್ದೆ, ನೀನು ಬೈಯುವಂತಿಲ್ಲ. ಸರೋವರದ ಮೇಲೆ ಏನೂ ಇರಲಿಲ್ಲ. ಎಡಗಡೆ ನೋಡಲೂ ಇಲ್ಲ ನಾನು. ಇಳಿಯುವಾಗ ಮಾತ್ರ ಎಡಚಕ್ರ ರನ್‌ವೇ ಪಟ್ಟಿಯ ಅಂಚು ಬಿಟ್ಟು ಹುಲ್ಲಿಗೆ ಇಳಿಯಿತು, ಒಂದು ಗುರುತುಗಲ್ಲು ಉರುಳಿತು. ಗಾಳಿ ಇತ್ತು. ಮರುವಾರವೂ ಹಾಗೇ ಆಯಿತು, ಆವತ್ತೂ ಗಾಳಿ ಇತ್ತು.

ಪೊರಕೆಯ ಕಥೆ ಓದಿ ತುಂಬಾ ನಕ್ಕೆ ಅಮ್ಮಾ.

ನಿಮ್ಮ
ಗುಬ್ಬಿ

•

ಜೂನ್ ೨೧

ಗುಬ್ಬಿ,

ಲೈಸೆನ್ಸು ಬಂದದ್ದನ್ನು ಓದಿದಾಗ ನಾನು ಅತ್ತೆ. ಅವರು ಅಳಲಿಲ್ಲ, ನಗಲಿಲ್ಲ. ಎಡಚಕ್ರ ಹುಲ್ಲಿಗೆ ಇಳಿದಲ್ಲಿಗೆ ಬಂದಾಗ ಕುರ್ಚಿಯಿಂದ ಎದ್ದರು. ನಾನಿನ್ನೂ ಓದುತ್ತಿರುವಾಗಲೇ ಅವರು ಎದ್ದದ್ದು ಇದೇ ಮೊದಲು. ಮೇಜಿನ ತನಕ ತಡಕಿಕೊಂಡು ಹೋಗಿ "ಹಾಳೆ ಕೊಡು, ಪೆನ್ನು ಕೊಡು" ಅಂದರು. ಹೇಳಿ, ನಾನು ಬರೆಯುತ್ತೇನೆ ಅಂದೆ. "ನೀನು ಬರೆಯಲ್ಲ. ಬರೆಯೋ ಹಾಗಿದ್ರೆ ಮಾರ್ಚಿನಲ್ಲೇ ಬರೀತಿದ್ದೆ" ಅಂದರು.

ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಸಾಲು ನೆಟ್ಟಗೆ ಬರಲೆಂದು ಅಳತೆಪಟ್ಟಿ ಇಟ್ಟುಕೊಂಡಿದ್ದರು, ಅದು ಜಾರುತ್ತಲೇ ಇತ್ತು. ಒಂದು ಹಾಳೆಗೆ ಇಡೀ ಮಧ್ಯಾಹ್ನ ಹಿಡಿಯಿತು. ಮಡಿಸಿ ನನ್ನ ಕೈಗೆ ಕೊಟ್ಟು, ಲಕೋಟೆಗೆ ಹಾಕುವ ಸದ್ದು ಕೇಳುವ ತನಕ ಪಕ್ಕದಲ್ಲೇ ನಿಂತಿದ್ದರು.

ನಾನು ಓದಿಲ್ಲ. ಓದಬೇಕಾಗಿಯೂ ಇಲ್ಲ. ಬಾಯಿಬಿಟ್ಟು ಕೇಳಿದರೆ ಎಲ್ಲಿ ನಿಜವಾಗಿಬಿಡುತ್ತದೋ ಎಂದು ಹೆದರಿ ಇಷ್ಟು ದಿನ ಕೈ ಕಟ್ಟಿಕೊಂಡು ಕೂತೆ. ಮನೆಯಲ್ಲಿ ಒಬ್ಬರನ್ನು ಕೈಹಿಡಿದು ನಡೆಸಿ ನನಗೆ ಸಾಕಾಗಿದೆ ಮಗಳೇ. ನಿನಗೆ ಬೇಡವೆನಿಸಿದರೆ ಓದಬೇಡ.

ಅಮ್ಮ

•

(ಅದರೊಳಗೆ ಮಡಿಸಿದ್ದ ಹಾಳೆ)

ಗುಬ್ಬಿ,

ಸಾಲು ಒಂದರ ಮೇಲೊಂದು ಹತ್ತಿ ಕೂತಿದ್ದರೆ ಬಿಡಿಸಿಕೊಂಡು ಓದು. ದಿನಾಂಕ ಗೊತ್ತಿಲ್ಲ, ನಿಮ್ಮಮ್ಮನನ್ನು ಕೇಳುವಷ್ಟು ಮಾತಿಲ್ಲ.

ನೀನು ಸುಳ್ಳು ಹೇಳಿಲ್ಲ. ಕಂಡದ್ದನ್ನು ಕಂಡಹಾಗೆ ಹೇಳಿದ್ದೀಯ. ಆದರೆ ಒಂದು ಹೇಳಿಲ್ಲ, ಅದನ್ನು ಕೇಳುತ್ತಿದ್ದೇನೆ. ವಿಮಾನ ತಿರುಗಿಸಿದಾಗ ಅದೂ ತಿರುಗಿತು, ಸರಿ. ವಿಮಾನ ನೆಟ್ಟಗೆ ಹೋಗುತ್ತಿರುವಾಗ, ತಲೆಯನ್ನೂ ಅಲ್ಲಾಡಿಸದೆ, ಬರೀ ಕಣ್ಣು ಹೊರಳಿಸಿದಾಗ ಅದೂ ಜೊತೆಗೆ ಬಂತೇ?

ಬರಲಿಲ್ಲ ಅನ್ನುವುದಾದರೆ ಆ ಪೆಪ್ಪರ್‌ಮಿಂಟಿನವನ ಮನೆ ಬಾಗಿಲಿಗೆ ನಾನೇ ಕೋಲು ಊರಿಕೊಂಡು ಬಂದು ನಿನ್ನ ಪರ ಕೂಗಾಡುತ್ತೇನೆ. ಯಾವುದೋ ಲೋಕದವರು ತಟ್ಟೆಯಲ್ಲಿ ಕೂತು ನನ್ನ ಮಗಳನ್ನು ನೋಡಲು ಬಂದಿದ್ದರು ಅಂತಲೇ ಆಗಲಿ. ದಿನಾ ಅದನ್ನೇ ಬಯಸುತ್ತ ಕೂತಿದ್ದೇನೆ. ನನ್ನ ವಯಸ್ಸಿನ ಪೈಲಟ್ ಬಯಸುವ ಮಾತೇ ಇದು?

ಬಂತು ಅನ್ನುವುದಾದರೆ ಅದು ಎಲ್ಲಿದೆಯೆಂದು ನಿನಗೇ ಗೊತ್ತು. ಒಂದು ಕಣ್ಣು ಮುಚ್ಚಿ ಗೋಡೆ ನೋಡು. ಆಮೇಲೆ ಇನ್ನೊಂದು.

ನಿನ್ನ ಬೆನ್ನ ಹಿಂದೆ ಮಲಗಿ ಬರುವವರು ನಿನ್ನ ಕಣ್ಣನ್ನು ನಂಬಿ ತಮ್ಮ ಕಣ್ಣು ಮುಚ್ಚಿಕೊಂಡಿರುತ್ತಾರೆ. ಇದಕ್ಕಿಂತ ಹೆಚ್ಚು ಬರೆಯಲು ನನ್ನ ಕೈಲಾಗುವುದಿಲ್ಲ. ಈ ಪ್ರಶ್ನೆಯನ್ನು ನಿನಗೆ ಕೇಳುವ ಹೊತ್ತು ಬಾರದಿರಲಿ ಅಂತಲೇ ನಿನ್ನನ್ನು ಹಾರಲು ಕಳಿಸಬಾರದೆಂದು ಒಂದು ಕಾಲದಲ್ಲಿ ಹಠ ಹಿಡಿದಿದ್ದೆ. ನೀನು ಗೆದ್ದೆ. ನೀನು ಗೆದ್ದದ್ದು ನನಗೆ ಬಹಳ ಸಂತೋಷವಾಗಿತ್ತು.

ಅಪ್ಪ

•

ಆಗಸ್ಟ್ ೪

ಗುಬ್ಬಿ,

ನಿನ್ನಿಂದ ಒಂದು ಅಕ್ಷರವಿಲ್ಲ. ಆಫೀಸಿಗೆ ಫೋನು ಮಾಡಿದೆ, ಮ್ಯಾನೇಜರು ಎತ್ತಿ "ಅವ್ರು ಹಾರಾಟದಲ್ಲಿದ್ದಾರೆ" ಅಂದರು. ಮತ್ತೆ ಮಾಡಿದೆ, ಮತ್ತೆ ಅದೇ. ಹಾರಾಟದಲ್ಲಿದ್ದಾಳಂತೆ ಅಂತ ನಿಮ್ಮಪ್ಪನಿಗೆ ಹೇಳಿದೆ. ಆವತ್ತಿನಿಂದ ರೇಡಿಯೊದ ಸುದ್ದಿ ಹಾಕಲು ಬಿಡುತ್ತಿಲ್ಲ.

ಕುರ್ಚಿಯನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದಾರೆ. ಟಪಾಲಿನವನ ಸೈಕಲ್ಲು ಗೇಟಿನ ಹತ್ತಿರ ನಿಧಾನವಾದರೆ ಅವರ ಕೈಬೆರಳು ನಿಲ್ಲುತ್ತವೆ, ಮುಂದೆ ಹೋದರೆ ಮತ್ತೆ ಮೊಣಕಾಲ ಮೇಲೆ ತಾಳ ಹಾಕುತ್ತವೆ. ಇವರ ಮೇಲೆ ನನಗೆ ಎಷ್ಟು ಸಿಟ್ಟಿದೆಯೆಂದರೆ ಬಾಯಿಬಿಟ್ಟು ಹೇಳಲಾರೆ. ನನ್ನ ಮೇಲೂ ಇದೆ.

ಒಂದೇ ಒಂದು ಸಾಲು ಬರಿ. ಚೆನ್ನಾಗಿದ್ದೇನೆ ಅಂತ ಬರೆದರೂ ಸಾಕು. ಸುಳ್ಳಾದರೂ ಪರವಾಗಿಲ್ಲ.

ಅಮ್ಮ

•

ಸೆಪ್ಟೆಂಬರ್ ೧೭

ಅಮ್ಮಾ,

ಇದನ್ನು ಅಪ್ಪನಿಗೆ ನಿಧಾನವಾಗಿ ಓದುವುದು ಬೇಡ. ಒಂದೇ ಉಸಿರಿಗೆ ಓದಿ ಮುಗಿಸು. ಕುರ್ಚಿಯೂ ಬೇಡ.

ಅಪ್ಪಾ, ಬಂತು. ಕಣ್ಣು ಹೊರಳಿಸಿದ ಕಡೆಗೆಲ್ಲ ಬಂತು.

ನಿನ್ನ ಕಾಗದ ಓದಿದ ದಿನವೇ ಗೊತ್ತಿತ್ತು. ಅದಕ್ಕೂ ಮೊದಲೇ, ಪೊರಕೆಯ ಕಥೆ ಓದಿದಾಗಲೇ ಗೊತ್ತಿತ್ತು. ನಕ್ಕೆ ಅಂತ ಬರೆದದ್ದು ಸುಳ್ಳು, ಆ ಕಾಗದವನ್ನು ಟ್ರಂಕಿನ ತಳಕ್ಕೆ ತುರುಕಿದ್ದೆ. ಆದರೂ ಗೋಡೆ ನೋಡಲಿಲ್ಲ. ನೋಡದಿದ್ದರೆ ಇಲ್ಲ, ಅಲ್ಲವೇ? ಕಣ್ಣು ಹೊರಳಿಸದೆ ಕತ್ತು ತಿರುಗಿಸಿ ನೋಡುವುದು ಅಭ್ಯಾಸ ಮಾಡಿಕೊಂಡೆ. ಈ ತಿಂಗಳು ಕಳೆಯಲಿ, ಮಳೆ ಕಳೆಯಲಿ ಅಂತ ಹಾರಿದೆ. ಎಷ್ಟೋ ಜನರನ್ನು ಬೆನ್ನ ಹಿಂದೆ ಮಲಗಿಸಿಕೊಂಡು ಹಾರಿದೆ. ಅವರ ಮುಖಗಳು ಈಗ ಒಂದೊಂದಾಗಿ ಎದುರು ಬರುತ್ತವೆ.

ಹದಿನೈದು ದಿನದ ಹಿಂದೆ ಒಬ್ಬ ಬಾಣಂತಿ, ಒಂದು ಹಸಿಕೂಸು, ನರ್ಸಕ್ಕ. ಮೋಡ ತೆಳ್ಳಗಿತ್ತು. ಪಟ್ಟಿಯ ಹತ್ತಿರ ಇಳಿಯುತ್ತಿದ್ದೆ. ಎಡಗಡೆ ಅದು ಇತ್ತು, ಈಚೆಗೆ ದಿನಾ ಇರುತ್ತದೆ, ಜೊತೆಯವನ ಹಾಗೆ. ಆ ಬೂದು ತಟ್ಟೆಯೊಳಗಿಂದ ಹಳದಿ ವಿಮಾನ ಹೊರಗೆ ಬಂತು. ದೂರದಿಂದ ಬಂದದ್ದಲ್ಲ, ಇಲ್ಲದ್ದು ಇದ್ದಕ್ಕಿದ್ದಂತೆ ಇತ್ತು. ಮದ್ದಿನಜ್ಜನ ಮೀಸೆ ಕಾಣುವಷ್ಟು ಹತ್ತಿರ. ಅವರು ನನ್ನನ್ನು ಯಾವಾಗಲೋ ಕಂಡಿದ್ದರು, ನಾನು ದಾರಿ ಬಿಡುತ್ತೇನೆಂದು ಕಾದಿದ್ದರು. ಕೊನೆಗೆ ಅವರೇ ವಿಮಾನವನ್ನು ಸರಕ್ಕನೆ ಕೆಳಗಿಳಿಸಿ ತಪ್ಪಿಸಿದರು. ರೇಡಿಯೊದಲ್ಲಿ ಬೈದರು, "ಏನಮ್ಮಾ, ಕಣ್ಣು ಕಾಣಲ್ವಾ?"

ಕೂಸಿಗೆ ಎಚ್ಚರವೂ ಆಗಲಿಲ್ಲ.

ಎಲ್ಲರನ್ನೂ ಇಳಿಸಿ, ವಿಮಾನವನ್ನು ಹ್ಯಾಂಗರಿನೊಳಗೆ ತಳ್ಳಿಸಿ, ನಾನೊಬ್ಬಳೇ ಒಳಗೆ ಕೂತೆ. ಎದುರಿಗೆ ಬಣ್ಣ ಹೊಡೆದ ಬಿಳಿ ಗೋಡೆ. ತಲೆ ಅಲ್ಲಾಡಿಸದೆ ಕಣ್ಣು ಹೊರಳಿಸಿದೆ. ಬಲಕ್ಕೆ, ಎಡಕ್ಕೆ, ಗೋಡೆ ಗಡಿಯಾರದ ಕಡೆಗೆ, ಆ ತಟ್ಟೆ ನೇತಿದ್ದ ಮೊಳೆಯ ಕಡೆಗೆ. ಒಂದು ಕಣ್ಣು ಮುಚ್ಚಿದೆ, ಆಮೇಲೆ ಇನ್ನೊಂದು. ಎರಡರಲ್ಲೂ ಇದೆ.

ಮದ್ದಿನಜ್ಜನಿಗೆ ನಾನೇ ಹೇಳಿದೆ. ಅವರು ಎಣ್ಣೆ ಪೀಪಾಯಿಯ ಮೇಲೆ ಕುಸಿದು ಕೂತರು. "ನಾನು ಸುಳ್ಳು ಹೇಳಿ ನಿನ್ನ ಮೇಲಕ್ಕೆ ಹತ್ತಿಸ್ಬಿಟ್ನಲ್ಲಮ್ಮ" ಅಂತ ತಲೆ ಚಚ್ಚಿಕೊಂಡರು. ಅವರನ್ನು ಸಮಾಧಾನ ಮಾಡುವ ಕೆಲಸವೂ ನನಗೇ ಬಂತು. ಅಮ್ಮಾ, ನಿನಗೂ ಅದನ್ನೇ ಹೇಳುತ್ತಿದ್ದೇನೆ. ಆ ಪ್ರಶ್ನೆಯನ್ನು ನೀನು ಬರೆಯದೆ ಬಿಟ್ಟದ್ದು ಎಷ್ಟು ತಪ್ಪೋ, ನಾನು ಕೇಳದೆ ಬಿಟ್ಟದ್ದೂ ಅಷ್ಟೇ ತಪ್ಪು.

ದೊಡ್ಡಾಸ್ಪತ್ರೆಯ ಕಣ್ಣಿನ ಡಾಕ್ಟರು ಅಪ್ಪನದೇ ಕಾಯಿಲೆಯ ಹೆಸರು ಹೇಳಿದರು. ಇನ್ನೆಷ್ಟು ಕಾಲ ಎಂದು ಕೇಳಿದ್ದಕ್ಕೆ ನನ್ನ ಮುಖ ನೋಡದೆ ಪೆನ್ನಿನ ಮುಚ್ಚಳ ಹಾಕಿದರು. ಲೈಸೆನ್ಸನ್ನು ನಾನೇ ತೆಗೆದುಕೊಂಡು ಹೋಗಿ ಮ್ಯಾನೇಜರರ ಮೇಜಿನ ಮೇಲೆ ಇಟ್ಟೆ.

ಆದರೂ ಅಪ್ಪಾ, ಆವತ್ತು ಸರೋವರದ ಮೇಲೆ ನಿಜವಾಗಿಯೂ ಏನಾದರೂ ಇತ್ತೋ ಏನೋ. ಇದ್ದಿದ್ದರೂ ಅದು ನನ್ನ ಕಣ್ಣಿನ ಈ ಬೂದು ತಟ್ಟೆಯ ಹಿಂದೆ ಅಡಗಿಕೊಂಡು ಹೋಗಿರುತ್ತದೆ. ಇನ್ನು ಯಾರೂ ನನ್ನನ್ನು ಕೇಳುವುದಿಲ್ಲ, ಕೇಳಿದರೂ ನನ್ನ ಮಾತಿಗೆ ಬೆಲೆಯಿಲ್ಲ. ತಲೆ ಕೆಟ್ಟಿದೆ ಅಂದಿದ್ದರೆ ಚೆನ್ನಾಗಿತ್ತು. ಕೆಟ್ಟ ತಲೆ ಒಂದು ದಿನ ನೆಟ್ಟಗಾಗಬಹುದಿತ್ತು.

ಈಗ ಆ ಬೂದು ಈ ಹಾಳೆಯ ಮೇಲೆ ಕೂತಿದೆ, ಬರೆಯುವ ಅಕ್ಷರಕ್ಕಿಂತ ತುಸು ಎಡಕ್ಕೆ. ಬರೆದು ಮುಗಿದ ಪದಗಳನ್ನು ಒಂದೊಂದಾಗಿ ನುಂಗುತ್ತ ನನ್ನ ಹಿಂದೆಯೇ ಬರುತ್ತಿದೆ.

ಮುಂದಿನ ತಿಂಗಳು ಬಸ್ಸಿನಲ್ಲಿ ಬರುತ್ತೇನೆ. ಅಪ್ಪಾ, ಆ ಪ್ರಶ್ನೆ ಕೇಳುವಾಗ ನಿನಗೆ ಗೊತ್ತಿತ್ತಲ್ಲವೇ, ಇನ್ನು ಮೇಲೆ ನಿನಗೆ ಹಾರಿಸಲು ನನ್ನಿಂದ ಕಾಗದ ಬರುವುದಿಲ್ಲವೆಂದು?

ನಿಮ್ಮ
ಗುಬ್ಬಿ

•

ಸೆಪ್ಟೆಂಬರ್ ೨೨

ಗುಬ್ಬಿ,

ನೀನು ಬೇಡವೆಂದರೂ ನಿಧಾನವಾಗಿಯೇ ಓದಿದೆ. ಅವರೇ ಕುರ್ಚಿ ತಿರುಗಿಸಿಕೊಂಡು ಕೂತರು. ಇಸ್ತ್ರಿ ಅಂಗಿ ಹಾಕಿಕೊಂಡರು. ಮರದ ತುಂಡು, ಛತ್ರಿ ಎಲ್ಲ ಕೇಳಿ ತೆಗೆದುಕೊಂಡರು. ಹಳದಿ ವಿಮಾನ ಬಂದಾಗ ಇಡೀ ಮೈ ಬಲಕ್ಕೆ ವಾಲಿತು, ಬಿದ್ದೇಬಿಡುತ್ತಾರೆಂದು ಹೆಗಲು ಹಿಡಿದುಕೊಂಡೆ. ಕೂಸಿಗೆ ಎಚ್ಚರವಾಗಲಿಲ್ಲ ಅಂದಾಗ ದೊಡ್ಡದಾಗಿ ಉಸಿರುಬಿಟ್ಟರು. ಕೊನೆಯ ಸಾಲಿನವರೆಗೂ ಛತ್ರಿ ಕೆಳಗಿಡದೆ ಕೇಳಿದರು.

ಓದಿ ಮುಗಿದ ಮೇಲೆ ಗಾಳಿಯಲ್ಲಿ ಕೈ ಮುಂದೆ ಚಾಚಿ ಏನನ್ನೋ ಹುಡುಕಿ, ಹಿಡಿದು, ಮೆಲ್ಲಗೆ ತಿರುಗಿಸಿದರು. ಇಷ್ಟು ವರ್ಷದಲ್ಲಿ ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಏನ್ರೀ ಅದು ಅಂದೆ. "ಎಂಜಿನ್ ಆರಿಸ್ದೆ" ಅಂದರು. ಆಮೇಲೆ ಛತ್ರಿಯನ್ನು ನನ್ನ ಕೈಗೆ ಕೊಟ್ಟರು. ಅದನ್ನು ಬಾಗಿಲ ಹಿಂದೆ, ಬೇರೆ ಛತ್ರಿಗಳ ಜೊತೆ ನೇತುಹಾಕಿದ್ದೇನೆ.

ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ತಿಳಿಸು. ನಾನು ನಿಲ್ದಾಣಕ್ಕೆ ಬರುತ್ತೇನೆ. ಅವಸರದಲ್ಲಿ ಇಳಿಯಬೇಡ, ಮೆಟ್ಟಿಲು ನೋಡಿಕೊಂಡು ಇಳಿ. ನಿನ್ನ ಬಲಗಡೆಗೇ ನಿಂತಿರುತ್ತೇನೆ.

ಅಮ್ಮ